ಬ್ಯಾಂಕಿಗೆ ಆಟಿ ತಿಂಗಳು ಗೊತ್ತಿಲ್ಲ

ಅಂಗಡಿಯವನು ಹೇಳಿದ ಕ್ರಯವನ್ನು ಹೇಳಿದ ಹಾಗೆಯೇ ಕೊಟ್ಟು ಬಂದವರಿಗೆ ಊಟ ಹೇಗೆ ಸೇರುತ್ತದೆ ಎಂಬುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ನಾನು ಹಾಗೆ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ. ನನ್ನ ಮದುವೆಯ ಸೀರೆ ತೆಗೆಯುವಾಗ ಮಾವನವರು ಪಕ್ಕದಲ್ಲೇ ಕುಳಿತಿದ್ದರು, ಬಾಯಿ ಬಿಡುವ ಹಾಗಿರಲಿಲ್ಲ. ಆ ಸೀರೆಯನ್ನು ನನ್ನ ಹೆಂಡತಿ ಜಯಂತಿ ಈಗಲೂ ವರ್ಷಕ್ಕೊಮ್ಮೆ ಉಡುತ್ತಾಳೆ. ನೋಡಿದವರು ಜರಿಯನ್ನು ಹೊಗಳುತ್ತಾರೆ. ನನಗೆ ಮಾತ್ರ ಅದರಲ್ಲಿ ಕಾಣುವುದು ಕಡಿಮೆ ಮಾಡಿಸಬಹುದಾಗಿದ್ದ ನಾನೂರು ರೂಪಾಯಿ.

ಕುಂಬ್ರದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಐವತ್ತು ಪ್ಲಾಸ್ಟಿಕ್ ಕುರ್ಚಿಗಳಿಂದ ಶುರು ಮಾಡಿದ್ದು. ಈಗ ಕುರ್ಚಿ, ಮೇಜು, ಅಡುಗೆಯ ಪಾತ್ರೆ, ಗ್ಯಾಸಿನ ಒಲೆ ಎಲ್ಲ ಸೇರಿ ಒಂದು ಗೋದಾಮು ತುಂಬುವಷ್ಟು ಇದೆ. ಇದರಲ್ಲಿ ಒಂದು ಸೌಟನ್ನೂ ನಾನು ಚರ್ಚೆ ಮಾಡದೆ ಕೊಂಡವನಲ್ಲ. ನಮ್ಮ ಕಡೆ ಚರ್ಚೆ ಎಂದರೆ ರಾಜಕೀಯವಲ್ಲ, ಕ್ರಯ ಇಳಿಸುವ ಕೆಲಸ. ಊರಿನವರು ಫ್ರಿಜ್ಜು, ಕಪಾಟು, ಮಗಳ ಬಳೆ ಏನೇ ತೆಗೆಯುವುದಿದ್ದರೂ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವುದು ನನ್ನ ಸ್ವಭಾವ, ಆದ್ದರಿಂದ ನಿಮಗೂ ಒಂದೆರಡು ಹೇಳಿಬಿಡುತ್ತೇನೆ. ಅಂಗಡಿಗೆ ಹೊಟ್ಟೆ ತುಂಬಿಸಿಕೊಂಡೇ ಹೋಗಬೇಕು. ಹಸಿದವನು ಬೇಗ ಒಪ್ಪುತ್ತಾನೆ. ಕೊಡೆಯನ್ನು ಕೈಯಲ್ಲೇ ಹಿಡಿದುಕೊಂಡಿರಬೇಕು. ಮೂಲೆಯಲ್ಲಿ ಒರಗಿಸಿದಿರೋ, ಇವ ಇನ್ನು ಹೊರಡುವವನಲ್ಲ ಎಂದು ಅಂಗಡಿಯವನಿಗೆ ಧೈರ್ಯ ಬಂತು. ಬೇಕಾದ ವಸ್ತುವನ್ನು ಕೊನೆಗೆ ನೋಡಬೇಕು, ಅದೂ ಓರೆಗಣ್ಣಿನಲ್ಲಿ.

ಇಂಥ ನನ್ನ ಕೈಗೆ ಕ್ರೆಡಿಟ್ ಕಾರ್ಡು ಬಂದದ್ದು ನನ್ನ ಆಸೆಯಿಂದ ಅಲ್ಲ. ಬ್ಯಾಂಕಿನಿಂದ ಒಬ್ಬ ಹುಡುಗಿ ಫೋನು ಮಾಡಿ, “ಸರ್, ಕಾರ್ಡು ಪೂರ್ತಿ ಫ್ರೀ, ವರ್ಷಕ್ಕೆ ಎಂತದೂ ಕೊಡ್ಲಿಕ್ಕಿಲ್ಲ” ಎಂದಳು. ನಾನು ತಬ್ಬಿಬ್ಬಾದೆ. ಸೊನ್ನೆಯಿಂದ ಕೆಳಗೆ ಚರ್ಚೆ ಮಾಡುವುದು ಹೇಗೆ? ಆದರೂ ಅಭ್ಯಾಸ ಬಿಡಬೇಕಲ್ಲ. “ಫ್ರೀ ಸರಿ, ಅದರ ಒಟ್ಟಿಗೆ ಬೇರೆ ಎಂತ ಕೊಡ್ತೀರಿ?” ಎಂದು ಕೇಳಿದೆ. ಒಂದು ಬ್ಯಾಗು ಬಂತು.

ಮೊದಲ ತಿಂಗಳ ಬಿಲ್ಲು ಬಂದಾಗ ನಾನು ಮಾಡಿದ ಮೂರ್ಖತನವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದರಲ್ಲಿ ಮೇಲೆ ಒಟ್ಟು ಕಟ್ಟಬೇಕಾದ ಮೊತ್ತ ಎಂಟು ಸಾವಿರದ ಆರುನೂರು ಎಂದಿತ್ತು. ಅದರ ಕೆಳಗೇ ಕನಿಷ್ಠ ಮೊತ್ತ ನಾನೂರ ಮೂವತ್ತು ಎಂದಿತ್ತು. ಮೂವತ್ತು ವರ್ಷ ಚರ್ಚೆ ಮಾಡಿದವನ ತಲೆ ಅದನ್ನು ಹೇಗೆ ಓದೀತು ಹೇಳಿ? ಮೇಲಿನದ್ದು ಕೇಳುವ ಕ್ರಯ, ಕೆಳಗಿನದ್ದು ಕೊನೆಯ ಕ್ರಯ! ನನ್ನ ಕಣ್ಣು ತುಂಬಿ ಬಂತು. ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಕೊಡುವಂಥ ಸತ್ಯವಂತ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನೂರ ಮೂವತ್ತು ಕಟ್ಟಿ ಎದೆಯುಬ್ಬಿಸಿಕೊಂಡು ನಡೆದೆ. ಮರು ತಿಂಗಳು ಉಳಿದದ್ದಕ್ಕೆಲ್ಲ ಬಡ್ಡಿ ಹಾಕಿ ಬಂತು. ಅಷ್ಟರಲ್ಲಿ ಈ ಗುಟ್ಟನ್ನು ಈಶ್ವರಮಂಗಲದ ನನ್ನ ಭಾವನಿಗೂ ಹೇಳಿಕೊಟ್ಟಾಗಿತ್ತು. ಭಾವ ಈಗಲೂ ನನ್ನಲ್ಲಿ ಮಾತಾಡುತ್ತಾರೆ, ಹಣದ ವಿಷಯ ಒಂದು ಬಿಟ್ಟು.

ಆದರೆ ಕಂತು ಎಂಬ ಏರ್ಪಾಡಿನ ಮೇಲೆ ನನಗೆ ಗೌರವ ಹುಟ್ಟಿದ್ದು ನನ್ನ ಖರೀದಿಯಿಂದ ಅಲ್ಲ, ಗಿರಿಜಕ್ಕನ ಖರೀದಿಯಿಂದ.

ಗಿರಿಜಕ್ಕ ಎಂದರೆ ನಮ್ಮ ಕಡೆಯ ಸಮಾರಂಭಗಳಿಗೆ ಅಡುಗೆ ಮಾಡುವವರು. ಐದು ಮಂದಿ ಹೆಂಗಸರ ಒಂದು ತಂಡ ಕಟ್ಟಿಕೊಂಡು ಸುಳ್ಯದಿಂದ ಕಡಬದವರೆಗೆ ಮದುವೆ, ಮನೆ ಒಕ್ಕಲು, ಸೀಮಂತ ಎಂದು ಓಡಾಡುತ್ತಾರೆ. ಪಾತ್ರೆ ನನ್ನದು, ಕೈ ಅವರದ್ದು. ಅವರ ಸಾರಿನ ರುಚಿಯ ಬಗ್ಗೆ ನಾನು ಬರೆಯಲು ಹೊರಟರೆ ಈ ಪ್ರಬಂಧ ಬೇರೆ ಕಡೆಗೆ ಹೋಗುತ್ತದೆ. ಇಷ್ಟು ಹೇಳಿದರೆ ಸಾಕು: ಬಡಿಸಿದ ಮೇಲೆ ಕುರ್ಚಿ ಲೆಕ್ಕ ಮಾಡಲು ಹೋಗುವ ನಾನು, ಅವರ ಅಡುಗೆ ಇರುವಲ್ಲಿ ಬಡಿಸುವ ಮೊದಲೇ ಹೋಗುತ್ತೇನೆ.

ಅವರ ತೊಂದರೆ ಬಲಗೈಯ ಹೆಗಲು. ಮಸಾಲೆ ಕಡೆಯಲು ಅವರಲ್ಲಿದ್ದದ್ದು ಸಣ್ಣ ಗ್ರೈಂಡರು. ಐನೂರು ಜನರ ಊಟಕ್ಕೆ ಹತ್ತು ಸಲ ತುಂಬಿಸಿ, ಹತ್ತು ಸಲ ಬಾಚಿ ತೆಗೆದು, ಹೆಗಲು ಕೀಲು ಬಿಟ್ಟ ಬಾಗಿಲಿನ ಹಾಗಾಗಿತ್ತು. ಡಾಕ್ಟರು ಕೈಗೆ ಕೆಲಸ ಕಡಿಮೆ ಮಾಡಿ ಎಂದಿದ್ದರು. ಕಳೆದ ವರ್ಷ ಸುಳ್ಯದ ಒಂದು ಮದುವೆಯಲ್ಲಿ ಬಾಡಿಗೆಗೆ ತಂದ ದೊಡ್ಡ ಗ್ರೈಂಡರಿನ ಬೆಲ್ಟು ತುಂಡಾಗಿ, ಕುರ್ಮಾ ತಯಾರಾಗುವವರೆಗೆ ಪಂಕ್ತಿ ಕಾಯಬೇಕಾಯಿತು. ಆಮೇಲೆ ಎರಡು ಛತ್ರದವರು, ಸ್ವಂತ ದೊಡ್ಡ ಮಿಷನು ಇದ್ದರೆ ಮಾತ್ರ ಇನ್ನು ಕರೆಯುವುದು ಎಂದು ಖಡಾಖಂಡಿತ ಹೇಳಿಬಿಟ್ಟರು. ಬ್ಯಾಂಕಿನಲ್ಲಿ ಸಾಲ ಕೇಳಿದರೆ ಅವರು ಕೇಳಿದ ಕಾಗದಗಳು ಗಿರಿಜಕ್ಕನಲ್ಲಿ ಇರಲಿಲ್ಲ. ಸ್ವಸಹಾಯ ಸಂಘದ ಸಾಲ ಮಗಳ ನರ್ಸಿಂಗ್ ಫೀಸಿಗೆ ಹೋಗಿತ್ತು. ಮಿಷನು ಇಲ್ಲದಿದ್ದರೆ ಆ ಐದು ಹೆಂಗಸರಿಗೂ ಕೆಲಸ ಇಲ್ಲ.

ಒಂದು ದಿನ ಅಂಗಡಿಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು ನೇರವಾಗಿ ಕೇಳಿದರು. “ವಿಶ್ವಣ್ಣ, ನಿಮ್ಮಲ್ಲಿ ಕಾರ್ಡು ಉಂಟಂತೆ. ಅದರಲ್ಲಿ ಕಂತಿಗೆ ಸಿಗ್ತದಂತೆ.”

“ಸಿಗ್ತದೆ. ಆದರೆ ಕಾರ್ಡು ನನ್ನ ಹೆಸರಿನದ್ದು ಅಲ್ವಾ ಗಿರಿಜಕ್ಕ.”

“ಕಾರ್ಡು ನಿಮ್ಮದು, ಕಂತು ನನ್ನದು. ಪ್ರತಿ ತಿಂಗಳು ಐದನೇ ತಾರೀಕಿನ ಒಳಗೆ ನಿಮ್ಮ ಕೈಯಲ್ಲಿ. ಒಂದು ಕಂತು ತಪ್ಪಿದ್ರೆ ಮಿಷನು ತಂದು ನಿಮ್ಮ ಅಂಗಳದಲ್ಲಿ ಇಡ್ತೇನೆ. ಮತ್ತೆ ನಾನು ಬಾಯಿ ತೆಗೆಯುದಿಲ್ಲ.”

ಅವರು ಹೇಳಿದರೆ ಹಾಗೆಯೇ ಮಾಡುವವರು. ಅದೇ ನನಗೆ ಹೆದರಿಕೆ. ನಾಳೆ ನನ್ನ ಅಂಗಳದಲ್ಲಿ ಆ ಮಿಷನು ಬಂದು ಕುಳಿತರೆ ಊರಿನವರ ಮುಖ ನಾನು ನೋಡುವುದು ಹೇಗೆ? ಆದರೂ ಒಪ್ಪಿದೆ. ನಿಮಗೂ ಇಲ್ಲೊಂದು ಮಾತು: ಇನ್ನೊಬ್ಬರಿಗೆ ಕಾರ್ಡಿನಲ್ಲಿ ವಸ್ತು ತೆಗೆದು ಕೊಡುವುದಾದರೆ ಕಾರ್ಡನ್ನು ಕೈಗೆ ಕೊಟ್ಟು ಕಳಿಸಬೇಡಿ, ನೀವೇ ಒಟ್ಟಿಗೆ ಹೋಗಿ. ಮತ್ತೆ, ನಿಮಗೆ ನಿಜವಾಗಿ ನಂಬಿಕೆ ಇರುವವರಿಗೆ ಮಾತ್ರ. ಅಂಥವರು ಒಂದು ಕೈಯ ಬೆರಳಿಗಿಂತ ಹೆಚ್ಚು ಸಿಕ್ಕಿದರೆ ನಿಮ್ಮ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ.

ಪುತ್ತೂರಿನ ಅಂಗಡಿಗೆ ಹೋದೆವು. ಇಪ್ಪತ್ತು ಲೀಟರಿನ, ಬಗ್ಗಿಸಿ ಸುರಿಯಬಹುದಾದ ಗ್ರೈಂಡರು. ಪಕ್ಕದಲ್ಲೇ ಕಾಯಿ ತುರಿಯುವ ಸಲಕರಣೆಯೂ ಇತ್ತು. ಯಜಮಾನರು ಅರುವತ್ತೊಂದು ಸಾವಿರ ಎಂದರು. ನಾನು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದೆ. ಒಂದು ಗಂಟೆಯ ಹೋರಾಟ. ಮಂಗಳೂರಿನ ಕ್ರಯ ಹೇಳಿದೆ, ಎರಡು ಸಲ ಮೆಟ್ಟಿಲು ಇಳಿದೆ, ಒಂದು ಸಲ ಸ್ಕೂಟರು ಕೂಡ ಸ್ಟಾರ್ಟ್ ಮಾಡಿದೆ. ಐವತ್ತನಾಲ್ಕು ಸಾವಿರಕ್ಕೆ ಬಂದು ನಿಂತಿತು. ಆಗ ಕಿಸೆಯಿಂದ ಕಾರ್ಡು ತೆಗೆದೆ.

ಯಜಮಾನರ ಮುಖ ಬಾಡಿತು. “ಇದೆಂತ ಮಾರಾಯ್ರೆ! ನಾನು ಹೇಳಿದ್ದು ಕ್ಯಾಶಿನ ಕ್ರಯ. ಬಡ್ಡಿ ಇಲ್ಲದ ಕಂತು ಅಂದ್ರೆ ಬಡ್ಡಿ ಇಲ್ಲ ಅಂತ ಅಲ್ಲ. ಅದು ನನ್ನ ತಲೆಗೆ ಬರುದು.”

“ನಿಮ್ಮ ತಲೆ ದೊಡ್ಡದುಂಟು,” ಎಂದೆ. “ಸ್ವಲ್ಪ ಹಿಡಿಸ್ತದೆ.”

“ಐವತ್ತೇಳಕ್ಕಿಂತ ಕಡಿಮೆ ಆಗುದೇ ಇಲ್ಲ.”

ಗುಟ್ಟು ಇಷ್ಟೇ, ಬೇಕಾದರೆ ಬರೆದಿಟ್ಟುಕೊಳ್ಳಿ. ಮೊದಲು ಕ್ಯಾಶಿನ ಕ್ರಯ ಕೇಳಿ, ಆಮೇಲೆ ಕಾರ್ಡು ತೋರಿಸಿ. ನಡುವಿನ ವ್ಯತ್ಯಾಸವೇ ‘ಬಡ್ಡಿ ಇಲ್ಲದ’ ಕಂತಿನ ಬಡ್ಡಿ. ಅದರ ಮೇಲೆ ಬ್ಯಾಂಕು ತೆಗೆದುಕೊಳ್ಳುವ ಚಿಲ್ಲರೆ ಶುಲ್ಕ ಬೇರೆ. ಇದೆಲ್ಲ ಗೊತ್ತಿದ್ದೂ ಕಂತು ಕೆಟ್ಟದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಒಟ್ಟಿಗೆ ಎತ್ತಲಾಗದ ಕಲ್ಲನ್ನು ಹನ್ನೆರಡು ತುಂಡು ಮಾಡಿ ಕೈಗೆ ಕೊಡುವವನು ಸ್ವಲ್ಪ ಕೂಲಿ ಕೇಳಿದರೆ ತಪ್ಪೇನು? ಆದರೆ ಕೂಲಿಯ ಮೇಲೆ ಚರ್ಚೆ ಮಾಡಬಾರದು ಎಂದು ಯಾರೂ ಹೇಳಿಲ್ಲ. “ಹನ್ನೊಂದು ಕಂತು ನಾವು ಕಟ್ಟುದು, ಹನ್ನೆರಡನೆಯದು ನೀವು ಬಿಡುದು, ಆಗ್ತದಾ?” ಎಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ನಕ್ಕಳು. “ಅದು ಬಂಗಾರದ ಅಂಗಡಿಯಲ್ಲಿ ಅಣ್ಣ, ನಾವು ಮಾರುದು ಕಲ್ಲು.” ಕೊನೆಗೆ ಐವತ್ತೈದು ಸಾವಿರದ ಇನ್ನೂರಕ್ಕೆ ಮುಗಿಯಿತು. ತಿಂಗಳಿಗೆ ನಾಲ್ಕು ಸಾವಿರದ ಆರುನೂರರಂತೆ ಹನ್ನೆರಡು ಕಂತು.

ಇಷ್ಟು ಹೊತ್ತೂ ಗಿರಿಜಕ್ಕ, ಕೊನೆಗೊಂದು ಹ್ಞೂಂ ಬಿಟ್ಟರೆ, ಒಂದು ಮಾತೂ ಆಡಿರಲಿಲ್ಲ. ಮಿಷನಿನ ಕಲ್ಲಿನ ಮೇಲೆ ಕೈಯಾಡಿಸುತ್ತ, ಮೇಲೆ ನೋಡುತ್ತ ನಿಂತಿದ್ದರು. ನನ್ನ ಸಾಮರ್ಥ್ಯಕ್ಕೆ ಬೆರಗಾಗಿದ್ದಾರೆ ಎಂದೇ ಭಾವಿಸಿದೆ. ಹೊರಡುವಾಗ ಯಜಮಾನರನ್ನು ಮೆಲ್ಲಗೆ ಕೇಳಿದರು. “ಒಂದು ಬೆಲ್ಟು ಹೆಚ್ಚಿಗೆ ಕೊಡ್ಲಿಕ್ಕೆ ಆಗ್ತದಾ? ಊಟದ ನಡುವೆ ತುಂಡಾದ್ರೆ ಜನ ಹಸಿದು ಕೂರ್ತಾರೆ.” ಯಜಮಾನರು ಎರಡು ಬೆಲ್ಟು ಕೊಟ್ಟರು. ಸ್ಕೂಟರು ಸ್ಟಾರ್ಟ್ ಮಾಡದೆ, ಮೆಟ್ಟಿಲು ಇಳಿಯದೆ! ನನಗೆ ಸ್ವಲ್ಪ ಬೇಸರವೇ ಆಯಿತು.

ಅದು ಮಾರ್ಚಿನ ಮೊದಲ ವಾರ. ಮದುವೆಯ ಕಾಲ ಶುರುವಾಗುತ್ತಿತ್ತು. ಗಿರಿಜಕ್ಕ ಕಂತು ಕಟ್ಟುವ ಕ್ರಮವನ್ನು ಯಾವ ಬ್ಯಾಂಕಿನವರಾದರೂ ಬಂದು ನೋಡಬೇಕಿತ್ತು. ತಿಂಗಳಿಗೊಮ್ಮೆ ಅಲ್ಲ, ಊಟಕ್ಕೊಮ್ಮೆ. ಕಡಬದಲ್ಲಿ ಒಂದು ಸೀಮಂತ ಮುಗಿದ ಕೂಡಲೇ ನನ್ನ ಮೊಬೈಲಿಗೆ ಏಳುನೂರು. ನೆಲ್ಯಾಡಿಯ ಮನೆ ಒಕ್ಕಲು ಮುಗಿದರೆ ಸಾವಿರ. ಮೊಬೈಲು ಸದ್ದು ಮಾಡಿದಾಗ ಯಾವ ಊರಿನಲ್ಲಿ ಪಾಯಸ ಬಡಿಸಿ ಮುಗಿಯಿತು ಎಂದು ನಾನು ಕುಳಿತಲ್ಲಿಂದಲೇ ಹೇಳಬಲ್ಲವನಾಗಿದ್ದೆ. ಐದನೇ ತಾರೀಕಿಗೆ ಲೆಕ್ಕ ನೋಡಿದರೆ ನಾಲ್ಕು ಸಾವಿರದ ಆರುನೂರು ಸರಿಯಾಗಿ ಇರುತ್ತಿತ್ತು. ಇಪ್ಪತ್ತು ರೂಪಾಯಿ ಹೆಚ್ಚಿದ್ದರೂ ಮುಂದಿನ ತಿಂಗಳಿಗೆ ಹಿಡಿಯಿರಿ ಎನ್ನುತ್ತಿದ್ದರು. ಮಾರ್ಚ್, ಏಪ್ರಿಲ್, ಮೇ, ಜೂನ್. ಹೆಗಲಿನ ನೋವೂ ಸ್ವಲ್ಪ ಇಳಿದಿತ್ತು. ಆ ಎರಡು ಛತ್ರದವರು ಪುನಃ ಕರೆದರು.

ಆಮೇಲೆ ಆಟಿ ಬಂತು.

ತುಳುನಾಡಿನ ಹೊರಗಿನವರಿಗೆ ಹೇಳಬೇಕು: ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಮನೆ ಒಕ್ಕಲು ಇಲ್ಲ. ಶಾಮಿಯಾನದವನೂ ಅಡುಗೆಯವರೂ ಬಾಗಿಲು ಎಳೆದುಕೊಂಡು ಕುಳಿತುಕೊಳ್ಳುವ ತಿಂಗಳು. ನಮ್ಮ ಈ ಕಸುಬಿನವರಲ್ಲಿ ಒಂದು ಕ್ರಮವೂ ಇದೆ. ಆಟಿಯಲ್ಲಿ ಒಬ್ಬರು ಇನ್ನೊಬ್ಬರ ಹತ್ತಿರ ಬಾಕಿ ಕೇಳುವುದಿಲ್ಲ. ಕೇಳಿದರೂ ಎಲ್ಲಿಂದ ಕೊಡುವುದು? ನಾನು ಈ ಕಸುಬಿಗೆ ಬಂದಾಗಿನಿಂದ ನಮಗೆ ವರ್ಷ ಎಂದರೆ ಹನ್ನೊಂದೇ ತಿಂಗಳು. ಪುತ್ತೂರಿನ ಆ ಅಂಗಡಿಯಲ್ಲಿ ಹನ್ನೆರಡು ಕಂತು ಎಂದಾಗ ಬಡ್ಡಿ, ಶುಲ್ಕ, ಸಾವಿರದ ಇನ್ನೂರು ಎಂದೆಲ್ಲ ಲೆಕ್ಕ ಹಾಕಿದ ಈ ಮಹಾ ಬುದ್ಧಿವಂತನಿಗೆ, ಆ ಹನ್ನೆರಡರಲ್ಲಿ ಒಂದು ಆಟಿ ಎಂಬುದು ಹೊಳೆಯಲೇ ಇಲ್ಲ. ಹೊಳೆದದ್ದು, ಮಡಚಿಟ್ಟ ಶಾಮಿಯಾನದ ಬಟ್ಟೆಯ ಬೂಷ್ಟು ಒರೆಸುತ್ತಿದ್ದಾಗ ಬ್ಯಾಂಕಿನಿಂದ ಮೆಸೇಜು ಬಂದ ಮೇಲೆ. ಕಂತಿನ ತಾರೀಕು ಹತ್ತಿರ ಬಂತಂತೆ. ಬ್ಯಾಂಕಿನವರಿಗೆ ಆಟಿ ಗೊತ್ತಿಲ್ಲ. ಗೊತ್ತಿದ್ದರೂ ಅವರ ಕಂಪ್ಯೂಟರಿಗೆ ಗೊತ್ತಿಲ್ಲ.

ಮೊಬೈಲು ನೋಡಿದೆ. ಎರಡು ವಾರದಿಂದ ಗಿರಿಜಕ್ಕನ ಒಂದು ರೂಪಾಯಿ ಬಂದಿರಲಿಲ್ಲ. ನನ್ನ ಕಣ್ಣ ಮುಂದೆ ಕಂಡದ್ದು ಒಂದೇ ಚಿತ್ರ: ಟೆಂಪೋದಿಂದ ಆ ಮಿಷನನ್ನು ನನ್ನ ಅಂಗಳಕ್ಕೆ ಇಳಿಸುತ್ತಿರುವ ಐದು ಮಂದಿ ಹೆಂಗಸರು.

ಎರಡು ದಿನ ಯೋಚಿಸಿದೆ. ಮೂರನೆಯ ದಿನ ಒಂದು ಉದಾತ್ತ ತೀರ್ಮಾನಕ್ಕೆ ಬಂದೆ. ಈ ಕಂತನ್ನು ನಾನೇ ಕಟ್ಟುತ್ತೇನೆ, ಅವರು ನಿಧಾನಕ್ಕೆ ಕೊಡಲಿ. ಹೊರಡುವಾಗ ಜಯಂತಿ ತಡೆದಳು. “ಆಟಿಯಲ್ಲಿ ಬಾಕಿ ಕೇಳ್ಲಿಕ್ಕೆ ಹೋಗುದಾ ನೀವು? ನಾಚಿಕೆ ಇಲ್ವಾ?”

“ಕೇಳ್ಲಿಕ್ಕಲ್ಲ, ಬಿಡ್ಲಿಕ್ಕೆ ಹೋಗುದು.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. “ಬಿಡುದಕ್ಕೆ ಬದಲು ಎಂತ ಕೇಳ್ತೀರಿ?” ಎಂದಳು.

ಇದ್ದದ್ದು ಸಣ್ಣದೊಂದು ಶರತ್ತು. ಮುಂದಿನ ಮದುವೆಯ ಕಾಲದಲ್ಲಿ ಅವರ ಎಲ್ಲ ಊಟಗಳಿಗೂ ಪಾತ್ರೆ ನನ್ನಲ್ಲಿಂದಲೇ ಹೋಗಬೇಕು, ಬಾಡಿಗೆಯಲ್ಲಿ ಕಡಿಮೆ ಕೇಳಬಾರದು. ಉಪಕಾರ ಮಾಡುವಾಗಲೂ ಕೈಗೆ ಏನಾದರೂ ಸಿಗದಿದ್ದರೆ ನನ್ನ ಕೈ ಮುಂದೆ ಹೋಗುವುದಿಲ್ಲ, ಅದು ನನ್ನ ದೇಹಪ್ರಕೃತಿ. ಮಳೆಯಲ್ಲಿ ಸ್ಕೂಟರಿನ ಮೇಲೆ ಭಾಷಣ ಅಭ್ಯಾಸ ಮಾಡುತ್ತ ಹೋದೆ. “ಗಿರಿಜಕ್ಕ, ನೀವು ಬೇಸರ ಮಾಡಬೇಡಿ, ಕಷ್ಟ ಎಲ್ಲರಿಗೂ ಬರ್ತದೆ...” ಈ ಭಾಗವನ್ನು ಎರಡೆರಡು ಸಲ ಹೇಳಿ ನೋಡಿದೆ.

ಅವರ ಮನೆಯ ತಿರುವಿನಲ್ಲೇ ಸದ್ದು ಕೇಳಿಸಿತು. ಮಿಷನಿನ ಸದ್ದು. ಜಗಲಿಗೆ ಕಾಲಿಟ್ಟರೆ ಕೆಸುವಿನ ಎಲೆಯ ರಾಶಿ, ಒಂದು ಮಗು ಅಡಗಿ ಕುಳಿತರೆ ಕಾಣದಷ್ಟು. ಐದು ಹೆಂಗಸರೂ ಎಲೆಗೆ ಹಿಟ್ಟು ಸವರಿ ಸುತ್ತುತ್ತಿದ್ದರು. ಅಕ್ಕಿ, ಹುಳಿ, ಮೆಣಸು, ಕೊತ್ತಂಬರಿಯ ಘಮ. ಪತ್ರೊಡೆ! ಆಟಿಯಲ್ಲಿ ಪತ್ರೊಡೆ ತಿನ್ನದ ಮನೆ ನಮ್ಮಲ್ಲಿಲ್ಲ. ಆದರೆ ಈಗ ಯಾರ ಮನೆಯಲ್ಲಿ ಅಷ್ಟು ಕಡೆಯುತ್ತಾರೆ? ಸಂಘ, ಕ್ಲಬ್ಬು, ಶಾಲೆಗಳಲ್ಲಿ ಆಟಿಯ ತಿನಿಸಿನ ಕಾರ್ಯಕ್ರಮ ಮಾಡುತ್ತಾರಲ್ಲ, ಅವರಿಗೂ ಮಾಡಿಕೊಡುವವರು ಬೇಕು.

“ಬನ್ನಿ ಬನ್ನಿ ವಿಶ್ವಣ್ಣ,” ಎಂದರು ಗಿರಿಜಕ್ಕ, ಹಿಟ್ಟಿನ ಕೈಯಿಂದಲೇ. “ಸರಿಯಾದ ಹೊತ್ತಿಗೆ ಬಂದ್ರಿ. ಕೈ ತೊಳ್ಕೊಳ್ಳಿ.”

ತಿನ್ನಲು ಕೊಡುತ್ತಾರೆ ಎಂದು ಕೈ ತೊಳೆದೆ. ಕೊಟ್ಟದ್ದು ಒಂದು ಚಾಕು, ಮತ್ತೆ ಒಂದು ಕಟ್ಟು ಎಲೆ. “ಹಿಂದಿನ ದಪ್ಪ ನಾರು ಕೆರೆದು ತೆಗೀರಿ. ಎಲೆ ಹರೀಬಾರ್ದು ಆಯ್ತಾ? ಸುಳ್ಯಕ್ಕೆ ಸಂಜೆಯೊಳಗೆ ನಾನೂರು ಹೋಗ್ಬೇಕು. ನಾಳೆ ಕಡಬದ ಶಾಲೆಗೆ ಮುನ್ನೂರು.”

ನಾನು ಎಲೆ ಕೆರೆಯುತ್ತ ಭಾಷಣ ಆರಂಭಿಸಿದೆ. “ಗಿರಿಜಕ್ಕ, ನೀವು ಬೇಸರ ಮಾಡಬೇಡಿ...” ಮಿಷನಿನ ಸದ್ದಿಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಕಿರಿಚಿದೆ. ಗಿರಿಜಕ್ಕ ಎದ್ದು ಮಿಷನು ನಿಲ್ಲಿಸಿದರು. ಆರು ಮಂದಿಯೂ ನನ್ನ ಮುಖ ನೋಡುತ್ತಿದ್ದರು.

“ಎಂತ ಹೇಳಿದ್ದು ನೀವು?”

ನಾನು ಎಲೆಯ ರಾಶಿ ನೋಡಿದೆ, ಸುತ್ತಿಟ್ಟ ಪತ್ರೊಡೆಯ ಸಾಲು ನೋಡಿದೆ. “ಎಲೆ ಇನ್ನು ಎಷ್ಟುಂಟು ಅಂತ ಕೇಳಿದ್ದು,” ಎಂದೆ.

“ನಿಮ್ಮ ಪಾಲಿಗೆ ಇನ್ನೆರಡು ಕಟ್ಟು,” ಎಂದು ಪುನಃ ಸ್ವಿಚ್ಚು ಹಾಕಿದರು.

ಮಿಷನಿಗೆ ಹೊಸ ಅಕ್ಕಿ ತುಂಬಿಸುವಾಗ ಸಿಕ್ಕಿದ ಬಿಡುವಿನಲ್ಲಿ ಕೇಳಿದೆ, ಈ ಆಲೋಚನೆ ಬಂದದ್ದು ಯಾವಾಗ ಎಂದು. “ಅವತ್ತೇ, ಪುತ್ತೂರಿನಲ್ಲಿ,” ಎಂದರು. “ಹನ್ನೆರಡು ಅಂದ್ರಲ್ಲ, ನಡುವೆ ಆಟಿ ಬರ್ತದಲ್ಲ. ನೀವು ಕ್ರಯ ಮಾತಾಡ್ತಾ ಇದ್ರಿ, ನಾನು ಆಟಿಯಲ್ಲಿ ಎಂತ ಕಡೆಯುದು ಅಂತ ಯೋಚನೆ ಮಾಡ್ತಾ ಇದ್ದೆ. ಪತ್ರೊಡೆ ನೆನಪಾದ ಮೇಲೆಯೇ ನಾನು ಹ್ಞೂಂ ಅಂದದ್ದು.” ಅಂದರೆ ನಾನು ಸ್ಕೂಟರು ಸ್ಟಾರ್ಟ್ ಮಾಡಿ ಉಳಿಸಿದ ಹಣದ ಬಗ್ಗೆ ಆಕೆ ಮೇಲೆ ನೋಡುತ್ತ ಬೆರಗಾಗಿದ್ದಲ್ಲ, ತಿಂಗಳು ಎಣಿಸುತ್ತಿದ್ದದ್ದು! ವಸ್ತುವಿನ ಕ್ರಯ ಎಷ್ಟು ಎಂದು ಕೇಳುವವರನ್ನು ನಾನು ಸಾವಿರ ಕಂಡಿದ್ದೇನೆ. ಕೆಲಸ ಇಲ್ಲದ ತಿಂಗಳಲ್ಲಿ ಈ ವಸ್ತು ತನ್ನ ಕಂತನ್ನು ತಾನೇ ಕಟ್ಟೀತೇ ಎಂದು ಕೇಳಿದವರನ್ನು ಕಂಡದ್ದು ಇದೇ ಮೊದಲು. ಬ್ಯಾಂಕಿನವರು ಕೇಳುವ ಕಾಗದಗಳ ಪಟ್ಟಿಯಲ್ಲಿ ಈ ಪ್ರಶ್ನೆ ಇದ್ದಿದ್ದರೆ ಗಿರಿಜಕ್ಕನಿಗೆ ಸಾಲ ಸಿಗುತ್ತಿತ್ತು, ನನ್ನಂಥವರಿಗೆ ಕಾರ್ಡು ಸಿಗುತ್ತಿರಲಿಲ್ಲ.

“ಮೊಬೈಲು ನೋಡ್ಲಿಲ್ವಾ ನೀವು?” ಎಂದರು ಮತ್ತೆ. “ಬೆಳಿಗ್ಗೆ ಹಾಕಿದ್ದೇನೆ. ಈ ಸಲ ಎರಡು ಕಂತು ಒಟ್ಟಿಗೆ.”

“ಎರಡು ಯಾಕೆ? ಮುಂದಿನದ್ದಕ್ಕೆ ಇನ್ನೂ ಸಮಯ ಉಂಟಲ್ಲ.”

ಗಿರಿಜಕ್ಕ ದನಿ ತಗ್ಗಿಸಿದರು. ಉಳಿದ ಹೆಂಗಸರಿಗೆ ಕೇಳಬಾರದು ಎಂಬ ಮರ್ಯಾದೆ. “ನಿಮಗೂ ಆಟಿ ಅಲ್ವಾ ವಿಶ್ವಣ್ಣ. ಶಾಮಿಯಾನ ಈಗ ಯಾರು ಹಾಕಿಸ್ತಾರೆ? ಕೈಯಲ್ಲಿ ಸ್ವಲ್ಪ ಇದ್ರೆ ಖರ್ಚಿಗೆ ಆದೀತು ಅಂತ. ಕಂತಿಗೆ ಬೇಕಾದಾಗ ಕಟ್ಟಿದ್ರಾಯ್ತು. ಬೇಸರ ಮಾಡ್ಬೇಡಿ, ಕಷ್ಟ ಎಲ್ಲರಿಗೂ ಬರ್ತದೆ.”

ನಾನು ಮಳೆಯಲ್ಲಿ ನೆನೆದು ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಅವರು ಅಭ್ಯಾಸವೇ ಇಲ್ಲದೆ ಹೇಳಿಬಿಟ್ಟರು. ಶರತ್ತೂ ಇರಲಿಲ್ಲ. ನಾನು ಉಳಿದ ಎರಡು ಕಟ್ಟು ಎಲೆಯನ್ನೂ ಕೆರೆದು ಮುಗಿಸಿದೆ. ಒಂದೂ ಹರಿಯಲಿಲ್ಲ.

ಕೆಸುವಿನ ಎಲೆ ಕೆರೆಯುವವರಿಗೆ ನನ್ನ ಸಲಹೆ: ಮೊದಲೇ ಕೈಗೆ ಎಣ್ಣೆ ಹಚ್ಚಿಕೊಳ್ಳಿ. ನನಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಮಿಷನಿನ ಸದ್ದಿಗೆ ಕೇಳಿಸಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಎರಡೂ ಅಂಗೈ ಕೆಂಪಾಗಿ, ತುರಿಕೆಯಿಂದ ಸ್ಕೂಟರಿನ ಹಿಡಿಯನ್ನೂ ಹಿಡಿಯಲಾಗದ ಸ್ಥಿತಿ. ಜಯಂತಿ ಹುಣಸೆಹುಳಿ ಕಿವುಚಿ ತಂದು ನನ್ನ ಅಂಗೈಗೆ ತಿಕ್ಕತೊಡಗಿದಳು.

“ಎಂತ ಮಾಡ್ಲಿಕ್ಕೆ ಹೋದದ್ದು ನೀವು ಅಲ್ಲಿಗೆ?”

“ಉಪಕಾರ ಮಾಡ್ಲಿಕ್ಕೆ.”

“ಆಯ್ತಾ?”

“ಆಯ್ತು,” ಎಂದೆ.

ಯಾರಿಗೆ ಎಂದು ಅವಳು ಕೇಳಲಿಲ್ಲ. ನಾನೂ ಆ ವಿವರಕ್ಕೆ ಹೋಗಲಿಲ್ಲ.